ಹಿಟ್ಟಿನ ಡಬ್ಬಿಯ ಹಿಂದಿನ ಪುಸ್ತಕಗಳು

ಕಳೆದ ಡಿಸೆಂಬರಿನ ಕೊನೆಯ ಭಾನುವಾರ ಸೇಡಂನಲ್ಲಿ ನಾವು ಕೆಲವು ಹೆಂಗಸರು ಸೇರಿದ್ದೆವು. 'ಈ ವರ್ಷ ನಾನು ಮೆಚ್ಚಿದ ಪುಸ್ತಕಗಳು' ಎಂಬುದು ಅಂದಿನ ವಿಷಯ. ಒಬ್ಬೊಬ್ಬರಿಗೆ ಐದೈದು ನಿಮಿಷ. ನನಗಿಂತ ಮೊದಲು ಎದ್ದವರೆಲ್ಲ ಬಲು ಘನವಾದ ಹೆಸರುಗಳನ್ನು ಹೇಳಿದರು. ಒಬ್ಬರದು ಇತಿಹಾಸ, ಒಬ್ಬರದು ಆತ್ಮಚರಿತ್ರೆ, ಮತ್ತೊಬ್ಬರದು ದಪ್ಪನೆಯ ವಿಮರ್ಶಾಗ್ರಂಥ. ಅವರಲ್ಲೊಬ್ಬಾಕೆ ಮರುದಿನ ತರಕಾರಿ ಅಂಗಡಿಯ ಮುಂದೆ ನನ್ನ ಕಿವಿಯಲ್ಲಿ, "ನಾ ಬರೇ ಬೆನ್ನುಡಿ ಓದೀನ್ರಿ" ಎಂದು ನಕ್ಕಳು. ಆ ಮಾತು ಹಾಗಿರಲಿ.

ನನ್ನ ಸರದಿ ಬಂತು. ನಾನು ಓದಿ ಮೆಚ್ಚಿದ್ದನ್ನೇ ಹೇಳಿದೆ. ಟಿ. ಸುನಂದಮ್ಮನವರ ಹಾಸ್ಯ ಬರಹಗಳು. ಯಂಡಮೂರಿ ವೀರೇಂದ್ರನಾಥರ 'ಬೆಳದಿಂಗಳ ಬಾಲೆ'. ತ್ರಿವೇಣಿಯವರ ಎರಡು ಕಾದಂಬರಿಗಳು. ನೇಮಿಚಂದ್ರನ 'ಲೀಲಾವತಿ'ಯ ಕತೆ, ಹೊಸಗನ್ನಡದ ಗದ್ಯದಲ್ಲಿ. ಎ.ಕೆ. ರಾಮಾನುಜನ್ ಕೂಡಿಸಿದ ಜನಪದ ಕತೆಗಳು. ಅಂದರೆ ಪ್ರೀತಿಯ ಕತೆ, ನಗೆಯ ಕತೆ, ಮಾತಾಡುವ ಗಿಳಿಗಳ ಕತೆ. ನಾನು ಕೂಡುವ ಮೊದಲೇ ಅತಿಥಿಯಾಗಿ ಬಂದಿದ್ದ ಹಿರಿಯರು, "ಅಕ್ಕೋರು ಇನ್ನಾ ಗಿಣಿ ಮಾತಾಡೋ ಕತಿಯೊಳಗೇ ಅದಾರ. ಬರೋ ವರ್ಷ ಜರಾ ತೂಕದ್ದು ಓದ್ರಿ" ಎಂದರು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಮೂರನೆಯ ಸಾಲಿನಲ್ಲಿ ನಮ್ಮ ಓಣಿಯ ಒಬ್ಬ ಸೊಸೆ ಕೂತಿದ್ದಳು. ಮದುವೆಯಾಗಿ ಎರಡು ವರ್ಷ. ಹಿಂದಿನ ದಿನವೇ ನನ್ನ ಬಳಿ ಬಂದು, "ನಾನೂ ಒಂದು ಪುಸ್ತಕದ ಹೆಸರು ಹೇಳ್ತೀನ್ರಿ, ನಗಬ್ಯಾಡ್ರಿ ಮತ್ತ" ಎಂದಿದ್ದಳು. ಅವಳ ಹೆಸರು ಕೂಗಿದಾಗ ಸೆರಗು ಸರಿಮಾಡಿಕೊಂಡು, "ನನಗೆ ಓದಾಕ ಟೈಮೇ ಸಿಗಂಗಿಲ್ರಿ" ಎಂದು ಕೂತುಬಿಟ್ಟಳು.

ಮನೆಗೆ ಬಂದು ರೊಟ್ಟಿಯ ಹಿಟ್ಟು ನಾದುವಾಗ ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಸಿಟ್ಟು ಅತಿಥಿಗಳ ಮೇಲೆ, ಅರ್ಧ ನಕ್ಕ ನನ್ನ ಮೇಲೆ. ಇಂಥ ನಗೆಯಿಂದ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಹಿಂದೊಮ್ಮೆ ನಾನೇ ಹೀಗೆ ಒಬ್ಬಳ ಬಾಯಿ ಮುಚ್ಚಿಸಿದ್ದೆ. ಅವಳು ನನ್ನ ಅವ್ವ.

ನಾನು ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ರೈಲುಗಳು ಕವಲೊಡೆಯುವ ಊರು ಅದು. ಒಂದು ದಾರಿ ಶಹಾಬಾದ್, ಕಲಬುರಗಿ ದಾಟಿ ಸೊಲ್ಲಾಪುರಕ್ಕೆ, ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿಗೆ. ಅವ್ವನ ತವರು ಚಿಂಚೋಳಿ. ಅಲ್ಲಿಗೆ ರೈಲಿಲ್ಲ, ಅಂದೂ ಇರಲಿಲ್ಲ. ಹೀಗಾಗಿ ತವರೆಂಬುದು ಅವಳಿಗೆ ವರ್ಷಕ್ಕೊಮ್ಮೆ ಸಿಗುವ ವಸ್ತು. ಉಳಿದ ದಿನಗಳಿಗೆ ಪುಸ್ತಕ. ಸೋದರಮಾವ ವಾರಕ್ಕೊಮ್ಮೆ ಶಹಾಬಾದಿಗೆ ಹೋದಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಎರಡು ಕಾದಂಬರಿ ತರುತ್ತಿದ್ದ. ಅವು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿರುತ್ತಿದ್ದವು. ಹಾಳೆ ತಿರುವಿದರೆ ಹಿಟ್ಟು ಉದುರುತ್ತಿತ್ತು. ಅಪ್ಪ ಕೆಟ್ಟವನಲ್ಲ. ಆದರೆ ಹೆಂಗಸು ಹಗಲು ಹೊತ್ತಿನಲ್ಲಿ ಪುಸ್ತಕ ಹಿಡಿದು ಕೂತರೆ ಮನೆಗೆ ದರಿದ್ರ ಬರುತ್ತದೆಂದು ನಂಬಿದ್ದವನು. ಅವನು ಹಗಲು ಹೊತ್ತಿನಲ್ಲಿ ಇಸ್ಪೀಟು ಹಿಡಿದು ಕೂತಾಗ ಮಾತ್ರ ಅದು ಬರುತ್ತಿರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತ ನಮಗೆ ಕತೆ ಹೇಳುತ್ತಿದ್ದಳು. ಅರ್ಧ ಕಾದಂಬರಿಯದು, ಅರ್ಧ ಅವಳ ಅಜ್ಜಿಯದು, ಉಪ್ಪು-ಖಾರ ಅವಳದು. ಒಂದು ಕತೆ ನನಗೆ ಪ್ರಾಣ. ಚಿಂಚೋಳಿಯ ಕಾಡಿನ ಗಿಣಿಯೊಂದು, ದೂರದೂರಿಗೆ ದುಡಿಯಲು ಹೋದ ಗಂಡನಿಗೆ ಹೆಂಡತಿಯ ಮಾತು ಮುಟ್ಟಿಸುವ ಕೆಲಸಕ್ಕೆ ನಿಂತಿರುತ್ತದೆ. ಆದರೆ ಅದಕ್ಕೆ ಮರೆವು ಬಹಳ. ಇವಳು ಸೀರೆ ಬೇಕೆಂದರೆ ಅಲ್ಲಿ ಹೋಗಿ ಎಮ್ಮೆ ಬೇಕಂತೆ ಎನ್ನುತ್ತದೆ. ಅವನು ಎಮ್ಮೆ ಕಳಿಸುತ್ತಾನೆ. ನೀನಿಲ್ಲದೆ ಊಟ ಸೇರುತ್ತಿಲ್ಲ ಎಂದರೆ ಅಲ್ಲಿ ಹೋಗಿ ಉಪ್ಪಿನಕಾಯಿ ಕೆಟ್ಟಿದೆಯಂತೆ ಎನ್ನುತ್ತದೆ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಆ ನಗೆಯ ನಡುವೆಯೇ, ದುಡಿಯಲು ಹೋದವನು ವರ್ಷಗಟ್ಟಲೆ ಬರುವುದಿಲ್ಲ ಎಂಬ ಸಂಗತಿ ನಮಗೆ ಗೊತ್ತಿಲ್ಲದಂತೆ ನಮ್ಮೊಳಗೆ ಇಳಿಯುತ್ತಿತ್ತು.

1980ರ ದಶಕದಲ್ಲಿ ನಾನು ಗುಲಬರ್ಗಾದಲ್ಲಿ ಕಾಲೇಜು ಸೇರಿದೆ. ಅಲ್ಲಿ ಕಲಿತ ಮೊದಲ ದೊಡ್ಡ ಮಾತು 'ಅಡುಗೆಮನೆ ಸಾಹಿತ್ಯ'. ಹೆಂಗಸರು ಬರೆದದ್ದನ್ನೂ ಹೆಂಗಸರು ಓದುವುದನ್ನೂ ಒಂದೇ ಏಟಿಗೆ ಹೊಡೆದು ಹಾಕುವ ಮಾತು. ದೀಪಾವಳಿಗೆ ಮನೆಗೆ ಬಂದಾಗ ಡಬ್ಬಿಯ ಹಿಂದಿನ ಎರಡು ಪುಸ್ತಕ ತೆಗೆದು, ಅಪ್ಪನ ಎದುರಿಗೇ, "ಇಂಥಾ ಕಳಪೆ ಓದ್ತಾರೇನವ್ವಾ" ಎಂದೆ. ಅವ್ವ ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ಪುಸ್ತಕ ತರುವುದು ಬೇಡವೆಂದು ಮಾವನಿಗೆ ಹೇಳಿದಳಂತೆ. ಕತೆ ಹೇಳುವುದನ್ನೂ ಬಿಟ್ಟಳು. ಬಿಟ್ಟಳೆಂಬುದು ನನಗೆ ತಿಳಿಯಲೂ ಇಲ್ಲ. ಓದಿದವಳಲ್ಲವೆ ನಾನು!

ಕಡೆಗಾಲದಲ್ಲಿ ಅವ್ವ ಸೇಡಂನಲ್ಲಿ ನನ್ನ ಮನೆಯಲ್ಲಿದ್ದಳು. ಒಂದು ರಾತ್ರಿ ಕೇಳಿದೆ, "ಅವ್ವಾ, ಆ ಮರೆವಿನ ಗಿಣಿ ಕಡೀಕ್ ಏನಾತು?" ಅವಳು ಬಹಳ ಹೊತ್ತು ನನ್ನ ಮುಖ ನೋಡಿ, "ಯಾವ ಗಿಣಿ?" ಎಂದಳು.

ರಾಮಾನುಜನ್ ಸಂಗ್ರಹದಲ್ಲಿ ಒಂದು ಕನ್ನಡದ ಕತೆಯಿದೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಕತೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಉಳಿದು ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಮಲಗಿದ್ದಾಗ ಹೊರಗೆ ಬಂದು, ಒಂದು ಗಂಡಸಿನ ಜೋಡಾಯಿತು, ಇನ್ನೊಂದು ಕೋಟಾಯಿತು. ಗಂಡ ಬಂದು ನೋಡಿ, ಇವು ಯಾರವು ಎಂದು ಅನುಮಾನಪಟ್ಟ. ಜಗಳವಾಯಿತು. ಅವನು ಕಂಬಳಿ ಹೊದ್ದು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಒಂದು ದೀಪವನ್ನು ಉಳಿದವು ಕೇಳಿದವು. ಅದು, ನಮ್ಮ ಮನೆಯಲ್ಲಿ ಗಂಡ-ಹೆಂಡಿರ ಜಗಳ, ಹೇಳದೆ ಉಳಿದ ಕತೆ ಸೇಡು ತೀರಿಸಿಕೊಂಡಿತು ಎಂದಿತು. ಗಂಡನಿಗೆ ನಿಜ ತಿಳಿಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಕತೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಇದನ್ನು ಈ ವರ್ಷ ಓದಿ ನಾನು ಪುಸ್ತಕ ಮುಚ್ಚಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ದೀಪಗಳು ಮಾತಾಡುವ, ಕತೆ ಕೋಟಾಗುವ ನಗೆಯ ಕತೆ. ಅತಿಥಿಗಳ ತಕ್ಕಡಿಯಲ್ಲಿ ಇದಕ್ಕೆ ತೂಕವಿಲ್ಲ. ನನ್ನ ಎದೆಯ ಮೇಲೆ ಇದರಷ್ಟು ಭಾರವಾದ ಪುಸ್ತಕ ಈ ವರ್ಷ ಬೇರೊಂದು ಬೀಳಲಿಲ್ಲ.

ಈಗ ವಾದಕ್ಕೆ ಬರೋಣ. ಗಿಣಿ ಮಾತಾಡುವ ಕತೆ ಹಗುರವಂತೆ. ಕನ್ನಡದಲ್ಲಿ ನಾವು ನಾವೆಲ್ಲಿಗೆ ಏನೆನ್ನುತ್ತೇವೆ? ಕಾದಂಬರಿ ಎನ್ನುತ್ತೇವೆ, ಮರಾಠಿಯವರೂ ಹಾಗೇ ಎನ್ನುತ್ತಾರೆ. ಆ ಹೆಸರು ಎಲ್ಲಿಯದು? 7ನೇ ಶತಮಾನದಲ್ಲಿ ಬಾಣಭಟ್ಟ ಬರೆದ ಪ್ರೇಮಕತೆಯ ನಾಯಕಿಯ ಹೆಸರು ಕಾದಂಬರಿ. ಆ ಕತೆಯನ್ನು ಹೇಳುವುದು ಯಾರು? ರಾಜಸಭೆಗೆ ತಂದ ಪಂಜರದೊಳಗಿನ ಒಂದು ಗಿಣಿ! ಜನ್ಮ ಜನ್ಮಾಂತರ ದಾಟುವ ಪ್ರೀತಿ, ಶಾಪ, ಗಂಧರ್ವರು ಎಲ್ಲ ಅದರಲ್ಲಿವೆ. ನಮ್ಮ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಗಂಭೀರ ಕಾದಂಬರಿಯ ಮೇಲೆ ಗಂಭೀರ ಭಾಷಣ ಮಾಡುವ ಹಿರಿಯರು ಪ್ರತಿ ವಾಕ್ಯದಲ್ಲೂ ಆ ಹೆಣ್ಣಿನ ಹೆಸರನ್ನೇ ಹೇಳುತ್ತಾರೆ, ಅವಳ ಕತೆ ಹೇಳಿದ ಗಿಣಿಯನ್ನು ನೋಡಿ ಮಾತ್ರ ನಗುತ್ತಾರೆ.

ದೂರ ಬೇಡ, ನಮ್ಮ ತಾಲ್ಲೂಕಿಗೇ ಬನ್ನಿ. ಸೇಡಂನಿಂದ ಚಿತ್ತಾಪುರದ ಕಡೆ ರೈಲು ಹತ್ತಿದರೆ ನಡುವೆ ಮಳಖೇಡ ರೋಡ್ ನಿಲ್ದಾಣ. ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯನ 'ಕವಿರಾಜಮಾರ್ಗ' ಹುಟ್ಟಿತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಸಭೆಗಳಲ್ಲಿ ಇದನ್ನು ಎದೆಯುಬ್ಬಿಸಿ ಹೇಳುತ್ತಾರೆ. ಶಾಲೆಯಲ್ಲಿ ಕೂತು ಓದದವರೂ ಕಾವ್ಯದ ಬಳಕೆಯಲ್ಲಿ ಪಳಗಿದ ಬುದ್ಧಿಯವರು ಎಂದು ನಾಡಿನ ಜನರನ್ನು ಹೊಗಳಿದ ಪುಸ್ತಕ ಅದು. ಆ ಜನರಲ್ಲಿ ಹೆಂಗಸರಿರಲಿಲ್ಲವೆ? ಅದೇ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತೀರ್ಥಂಕರನ ಕತೆ ಬರೆಯುವಾಗ ಏನು ಮಾಡಿದರು? ಕಾಳಿದಾಸನ 'ಮೇಘದೂತ'ದ ಸಾಲುಗಳನ್ನೆಲ್ಲ ತಮ್ಮ 'ಪಾರ್ಶ್ವಾಭ್ಯುದಯ'ದ ಪದ್ಯಗಳಲ್ಲಿ ನೇಯ್ದುಕೊಂಡರು. ಹೆಂಡತಿಯನ್ನು ಅಗಲಿದವನು ಮೋಡದ ಕೈಯಲ್ಲಿ ಮಾತು ಕಳಿಸುವ ಕತೆಯನ್ನು ಸರ್ವಸಂಗ ಬಿಟ್ಟ ಮುನಿಯೇ ಹಗುರವೆನ್ನಲಿಲ್ಲ. ಮುಂದೆ 10ನೇ ಶತಮಾನದ ಆರಂಭದಲ್ಲಿ, ಮೂರನೆಯ ಇಂದ್ರನ ಆಸ್ಥಾನದಲ್ಲಿ ತ್ರಿವಿಕ್ರಮಭಟ್ಟ 'ನಳಚಂಪು' ಬರೆದ. ನಳ-ದಮಯಂತಿಯರ ಪ್ರೇಮ, ನಡುವೆ ಸುದ್ದಿ ಒಯ್ಯುವ ಹಂಸ. ನನ್ನ ಅವ್ವನ ಗಿಣಿ ಆ ಹಂಸದ ಬಡ ನೆಂಟ, ಅಷ್ಟೆ. ಜ್ಞಾಪಕಶಕ್ತಿ ಮಾತ್ರ ಕಡಿಮೆ.

ಇನ್ನು ವಾಸವದತ್ತೆ. ಸೇಡಂ ಜನಕ್ಕೆ ಈ ಹೆಸರು ಹೇಳಿದರೆ ಸಿಮೆಂಟಿನ ಚೀಲ ಕಣ್ಣಿಗೆ ಬರುತ್ತದೆ, ಊರಿನ ಕಾರ್ಖಾನೆಗೆ ಇಟ್ಟ ಹೆಸರು ಅದು. ಆದರೆ ಸುಬಂಧುವಿನ 'ವಾಸವದತ್ತಾ' ಒಂದು ಕನಸಿನ ಪ್ರೇಮಕತೆ. ಕಂದರ್ಪಕೇತುವಿನ ಕನಸಿನಲ್ಲಿ ಕಾಣದ ಹುಡುಗಿ ಬರುತ್ತಾಳೆ, ಅವಳ ಕನಸಿನಲ್ಲಿ ಇವನು. ವಿಂಧ್ಯದ ಒಂದು ಮರದ ಮೇಲೆ ರಾತ್ರಿ ತಡವಾಗಿ ಬಂದ ಗಂಡು ಗಿಣಿಯನ್ನು ಸಾರಿಕೆಯೊಂದು ತರಾಟೆಗೆ ತೆಗೆದುಕೊಳ್ಳುತ್ತದೆ, ಇಷ್ಟು ಹೊತ್ತು ಎಲ್ಲಿದ್ದೆ ಎಂದು. ಅದು ಕೊಟ್ಟ ಸಮಜಾಯಿಷಿಯಿಂದಲೇ ನಾಯಕನಿಗೆ ಅವಳ ಸುಳಿವು ಸಿಗುತ್ತದೆ! ನೇಮಿಚಂದ್ರ 12ನೇ ಶತಮಾನದಲ್ಲಿ ಇದೇ ಜಾಡಿನಲ್ಲಿ 'ಲೀಲಾವತಿ' ಬರೆದ. ನಾಯಕನನ್ನು ಬನವಾಸಿಯ ರಾಜಕುಮಾರನನ್ನಾಗಿ ಮಾಡಿ ಕನಸನ್ನು ಕನ್ನಡ ನೆಲಕ್ಕೆ ತಂದ.

ಸುಬಂಧುವಿನ ಕತೆಯ ಕೊನೆಯ ಭಾಗವನ್ನು ನಮ್ಮ ಕಲ್ಲಿನ ಸೀಮೆಯ ಹೆಂಗಸರು ಗಮನಿಸಬೇಕು. ಕಾಡಿನಲ್ಲಿ ಒಂಟಿಯಾದ ವಾಸವದತ್ತೆಗಾಗಿ ಎರಡು ದಂಡುಗಳು ಬಡಿದಾಡಿ ಒಬ್ಬ ಋಷಿಯ ಆಶ್ರಮ ಹಾಳುಗೆಡವುತ್ತವೆ. ಋಷಿ ಶಪಿಸುವುದು ಯಾರನ್ನು? ಅವಳನ್ನು, ಕಲ್ಲಾಗು ಎಂದು. ಜಗಳ ಗಂಡಸರದು, ಶಾಪ ಹೆಣ್ಣಿಗೆ. ಇದನ್ನು ಓದಿ ನಾನು ಕಹಿಯಾಗಿ ನಕ್ಕೆ. ಪ್ರಿಯನ ಸ್ಪರ್ಶದಿಂದ ಅವಳು ಮತ್ತೆ ಹೆಣ್ಣಾಗುತ್ತಾಳೆ, ಕತೆ ಸುಖಾಂತ. ಶಹಾಬಾದಿನ ಫರಸಿ, ಸೇಡಂನ ಕಲ್ಲು ನಾಡಿನ ಎಷ್ಟು ಮನೆಗಳ ನೆಲಕ್ಕೆ ಹೋಗಿದೆಯೋ! ಆ ನೆಲ ಒರೆಸುತ್ತ ಕಲ್ಲಾದವರ ಲೆಕ್ಕ ಯಾರಿಟ್ಟಿದ್ದಾರೆ? ಒಂದು ಪುಸ್ತಕ ಮುಟ್ಟಿದಾಗ ಒಂದು ಗಳಿಗೆ ಜೀವ ಬಂದರೆ, ಅದನ್ನು ಕಸಿದುಕೊಂಡು ತೂಕ ನೋಡುವ ಅಧಿಕಾರ ಯಾರಿಗಿದೆ?

ಇನ್ನೊಂದು ಮಾತು. 19ನೇ ಶತಮಾನದ ಕೊನೆಯಲ್ಲಿ ನಂದಳಿಕೆಯ ಮುದ್ದಣ 'ಶ್ರೀರಾಮಾಶ್ವಮೇಧ' ಬರೆದನಷ್ಟೆ. ಅದರಲ್ಲಿ ಹೊಸಗನ್ನಡಕ್ಕೆ ದಾರಿ ತೋರಿದವಳು ಮನೋರಮೆ. ಮಳೆಗಾಲದ ಹೊತ್ತಿನಲ್ಲಿ ಗಂಡನನ್ನು ಕತೆ ಕೇಳುತ್ತಾಳೆ, ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ, ನಡುನಡುವೆ ಅಡ್ಡಬಂದು ಛೇಡಿಸುತ್ತಾಳೆ. ಕತೆಗಿಂತ ಅವರಿಬ್ಬರ ಸರಸವೇ ಜನಕ್ಕೆ ನೆನಪಿರುವುದು. ಮನೆಯ ಹೆಂಗಸು ತನಗೇನು ಬೇಕೆಂದು ಬಾಯಿಬಿಟ್ಟು ಕೇಳಿದ್ದರಿಂದ ಕನ್ನಡಕ್ಕೆ ನಷ್ಟವಾಯಿತೆ?

ಅಡುಗೆಮನೆ ಸಾಹಿತ್ಯ ಎಂದು ನಾನು ಅವ್ವನ ಮುಂದೆ ಎಸೆದ ಎರಡು ಪುಸ್ತಕಗಳಲ್ಲಿ ಒಂದು ತ್ರಿವೇಣಿಯವರ 'ಶರಪಂಜರ'. ಬಾಣಂತಿತನದ ನಂತರ ಮನಸ್ಸು ಕದಡಿದ ಹೆಣ್ಣು ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರು, ಊರವರು ಅವಳನ್ನು ಹುಚ್ಚಿಯಾಗಿಯೇ ಇಡುವ ಕತೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಗಂಡಸರೂ ಕಣ್ಣೊರೆಸಿಕೊಂಡರು. ಅದೇ ಕತೆ ಹಿಟ್ಟಿನ ಡಬ್ಬಿಯ ಹಿಂದಿದ್ದಾಗ ಕಳಪೆ! 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಆ ತಾಯಿ ಮೂವತ್ತೈದು ತುಂಬುವ ಮೊದಲೇ ಕನ್ನಡದ ಹೆಂಗಸರಿಗೆ ತಮ್ಮ ಮನಸ್ಸಿನ ಬಗ್ಗೆ ಮಾತಾಡುವುದನ್ನು ಕಲಿಸಿದರು. ಎಂ.ಕೆ. ಇಂದಿರಾ ಕಾದಂಬರಿಗೆ ಕೈ ಹಾಕಿದ್ದು ನಲವತ್ತೈದರ ಸುಮಾರಿಗೆ, ಸಂಸಾರ ಮಾಡಿ ಮುಗಿಸುವ ವಯಸ್ಸಿಗೆ. ಸುನಂದಮ್ಮ 'ಕೊರವಂಜಿ'ಯ ಕಾಲದಿಂದ ಹಾಸ್ಯ ಬರೆದು, ನಗಿಸುವುದು ಗಂಡಸರ ಗುತ್ತಿಗೆಯಲ್ಲ ಎಂದು ತೋರಿಸಿದರು. ಅವರ ಬರಹದಲ್ಲಿ ಗಂಡ-ಹೆಂಡಿರ ಸಣ್ಣ ಜಟಾಪಟಿಗಳಿವೆ, ನೆರೆಮನೆಯ ಡೌಲು ಇದೆ. ಎರಡು ಪುಟ ಓದಿ ಒಲೆಯ ಮುಂದೆ ಹೋದರೆ ಒಲೆಯ ಬಿಸಿ ಒಂದು ಡಿಗ್ರಿ ಕಡಿಮೆಯಾಗಿರುತ್ತದೆ.

ಇದೇ ನಾಡಿನಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನನ್ನು ನಮ್ಮ ಅಪ್ಪಂದಿರು, ಮಾವಂದಿರು ರೈಲಿನಲ್ಲಿ ಎಲ್ಲರೆದುರು ಓದಿದರು. ಓದಲಿ, ನಾನೂ ಕದ್ದು ಓದಿದ್ದೇನೆ. ಆದರೆ ಅದನ್ನು 'ಪಡಸಾಲೆ ಸಾಹಿತ್ಯ' ಎಂದು ಯಾರಾದರೂ ಕರೆದರೆ? ಓದುವವನು ಗಂಡಸಾದರೆ ಅದು ವಿರಾಮ, ಹೆಂಗಸಾದರೆ ಅದು ವ್ಯಸನ.

ಹಾಗೆಂದು ಎಲ್ಲವೂ ಚಿನ್ನವೆಂದು ನಾನು ಹೇಳುತ್ತಿಲ್ಲ. ಕಪಾಳಕ್ಕೆ ಹೊಡೆದವನೇ ಕೊನೆಗೆ ಪ್ರಿಯತಮನಾಗುವ ಕಾದಂಬರಿಗಳನ್ನು ಬೇಕಾದಷ್ಟು ಓದಿದ್ದೇನೆ. ಹೆಂಡತಿ ಸಹಿಸಿ ಸಹಿಸಿ ದೇವತೆಯಾಗುವವು, ಕಾರು ಬಂಗಲೆ ಇದ್ದವನಿಗಷ್ಟೇ ಪ್ರೀತಿ ಹುಟ್ಟುವವು. ಅವುಗಳನ್ನು ಬೈಯಲು ನನಗೆ ವಿಮರ್ಶಕರ ಸಹಾಯ ಬೇಡ. ಹತ್ತು ಓದಿದವಳಿಗೆ ಹನ್ನೊಂದನೆಯದರ ಮೋಸ ತಾನೇ ತಿಳಿಯುತ್ತದೆ. ಪುಸ್ತಕವನ್ನು ಪುಸ್ತಕವಾಗಿ ಓದಿ ಬೈಯಿರಿ ಎಂಬುದಷ್ಟೇ ನನ್ನ ತಕರಾರು. ಓದುವವಳ ಸೀರೆ ನೋಡಿ ಬೈಯಬೇಡಿ.

"ಬರಗಾಲದ ಸೀಮೆ, ಧೂಳು, ಗುಳೆ, ಇದರ ನಡುವೆ ಪ್ರೇಮಕತೆಯೇ?" ಎಂದು ಕೇಳುವವರೂ ಇದ್ದಾರೆ. ಸ್ವಾಮಿ, ವಾಡಿಯಲ್ಲಿ ಒಣಹಾಕಿದ ಬಟ್ಟೆಯನ್ನು ಎರಡೆರಡು ಸಲ ಝಾಡಿಸಿ ಒಳಗೆ ತಂದವಳು ನಾನು. ತೊಗರಿ ಕೈಕೊಟ್ಟ ವರ್ಷ ಯಾವ ಮನೆಯಲ್ಲಿ ಯಾವ ಡಬ್ಬಿ ಖಾಲಿಯಾಗುತ್ತದೆಂದು ಗೊತ್ತಿರುವುದು ಯಾರಿಗೆ? ಕಷ್ಟವೆಂದರೇನೆಂದು ತಿಳಿಯಲು ನಮಗೆ ಪುಸ್ತಕ ಬೇಕಿಲ್ಲ, ಅದು ದಿನಾ ಬಾಗಿಲು ತಟ್ಟುತ್ತದೆ. ನಗುವುದು ಹೇಗೆ, ಒಬ್ಬರ ದನಿ ಕೇಳಲು ಕಾಯುವುದು ಹೇಗೆ ಎಂಬುದು ಮರೆತುಹೋಗುತ್ತದೆ. 'ಬೆಳದಿಂಗಳ ಬಾಲೆ'ಯಲ್ಲಿ ಚದುರಂಗದ ಗ್ರ್ಯಾಂಡ್‌ಮಾಸ್ಟರನನ್ನು ಫೋನಿನಲ್ಲೇ ಆಟವಾಡಿಸುವ ಹೆಣ್ಣಿದ್ದಾಳೆ. ಮುಖ ಕಾಣುವುದಿಲ್ಲ, ಬುದ್ಧಿಯೇ ಅವಳ ಚೆಲುವು. ತೆಲುಗಿನಿಂದ ನಮ್ಮಲ್ಲಿಗೆ ಬಂದು, 1995ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆದ ಕತೆ. ಹೆಣ್ಣು ನೋಡಲು ಬಂದವರು ಬಣ್ಣ, ಎತ್ತರ, ಜಡೆ ಅಳೆಯುವ ನಮ್ಮೂರಲ್ಲಿ ಆ ಕತೆ ಹಗುರವೆ? ನೀವೇ ಹೇಳಿ.

ಆದ್ದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನನ್ನ ಅಕ್ಕ-ತಂಗಿಯರಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಯಾರಾದರೂ ಏನು ಓದಿದಿರಿ ಎಂದು ಕೇಳಿದರೆ, ಓದಿದ್ದನ್ನೇ ಹೇಳಿ. ಬೆನ್ನುಡಿ ಓದಿದ್ದನ್ನು ಬೆನ್ನುಡಿ ಓದಿದೆ ಎನ್ನಿ. ಪಕ್ಕದವಳು ಪ್ರೀತಿಯ ಕತೆಯ ಹೆಸರು ಹೇಳಿದಾಗ ನಗಬೇಡಿ, ಯಾಕೆ ಮೆಚ್ಚಿದೆ ಎಂದು ಕೇಳಿ. ಮಗಳು ಓದುತ್ತಿದ್ದರೆ ಪುಸ್ತಕ ಕಸಿಯುವ ಮೊದಲು ನೀವೂ ಹತ್ತು ಪುಟ ಓದಿ. ಮನೆಯಲ್ಲಿ ಅಜ್ಜಿ ಇದ್ದರೆ ಕತೆಯ ಕೊನೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ನಾನು ತಡಮಾಡಿದೆ. ಮರೆವಿನ ಗಿಣಿ ಕಡೆಗೆ ಏನಾಯಿತೆಂದು ತಿಳಿದವರು ಈಗ ಯಾರೂ ಇಲ್ಲ.

ಸಭೆಯಾಗಿ ವಾರದ ಮೇಲೆ ನಾನೇ ಆ ಸೊಸೆಯ ಮನೆಗೆ ಹೋದೆ. ಅಂದು ಸಭೆಯಲ್ಲಿ ನಾನು ನಕ್ಕದ್ದು ತಪ್ಪು ಎಂದೆ. ಅವಳು ಗಾಬರಿಯಾದಳು. ನನ್ನ 'ಬೆಳದಿಂಗಳ ಬಾಲೆ'ಯನ್ನು ಕೈಗಿಟ್ಟೆ. ಅವಳು ಅದನ್ನು ಸೆರಗಿನೊಳಗೆ ಸೇರಿಸುತ್ತ ಅಡುಗೆಮನೆಯ ಕಡೆ ನೋಡಿ, "ಎಲ್ಲಿಡ್ಲಿ ಅಕ್ಕೋರೆ?" ಎಂದಳು.

"ಪಡಸಾಲಿಯೊಳಗ ಇಡವ್ವ, ಟಿವಿ ಬಾಜೂಕ" ಎಂದೆ.

ಅವಳು ಇಟ್ಟಳೋ ಇಲ್ಲವೋ ನಾನು ನೋಡಿಲ್ಲ. ಮೊನ್ನೆ ಪುಸ್ತಕ ತಿರುಗಿ ಬಂತು. ಮನೆಗೆ ತಂದು ಬಿಡಿಸಿದೆ. ಹಾಳೆಗಳ ನಡುವೆ ಹಿಟ್ಟು ಇರಲಿಲ್ಲ.